ಹೆಸರಿನಿಂದ ಶುರುವಾಗುವ ಕೀಲಿಗಳು

ಜೂನ್ ೩, ಮಂಗಳವಾರ

ಇವತ್ತು ಗುಂಗುರಿಯನ್ನು ಆಫೀಸಿಗೆ ಕರೆಸಿದರು. ನನ್ನ ಪಕ್ಕದ ಮೇಜಿನಲ್ಲಿ ಬೆಡ್‌ಶೀಟು ಮಡಚುವವಳು. ಯಾವ ಟೋಪಿಗೂ ಬಗ್ಗದ ಕೂದಲಿನಿಂದ ಆ ಹೆಸರು ಬಂದಿದೆ. ಹೋಗುವಾಗ ನಗುತ್ತಾ ಹೋದಳು, ಬರುವಾಗ ತುಟಿ ಕಚ್ಚಿಕೊಂಡು ಬಂದಳು. ನಿನ್ನೆ ಊಟದ ಹೊತ್ತಿನಲ್ಲಿ ಅವಳು ಫೋನಿನಲ್ಲಿ ಏನೇನು ತೆರೆದಳು ಎಂಬುದನ್ನು ಮ್ಯಾನೇಜರು ಒಂದೊಂದಾಗಿ ಓದಿ ಹೇಳಿದನಂತೆ. ಒಂದು ಸೀರಿಯಲ್ಲು, ಒಂದು ಚಪ್ಪಲಿ ಅಂಗಡಿ, ಆಮೇಲೆ ಕಾರ್ಮಿಕ ಸಂಘಗಳ ಒಂದು ತಾಣ.

"ಚಪ್ಪಲಿ ಚೆನ್ನಾಗಿದೆ, ತಗೋ. ಸಂಘ ಮಾತ್ರ ನಿನ್ನ ಕಾಲಿಗೆ ಸರಿಹೋಗಲ್ಲ" ಅಂದನಂತೆ.

ಅವನನ್ನು ನಾವು ಇಸ್ತ್ರಿ ಎಂದು ಕರೆಯುತ್ತೇವೆ. ಇಡೀ ಲಾಂಡ್ರಿ ಬೆವರಿ ಮುದ್ದೆಯಾಗಿರುವಾಗ ಅವನ ಅಂಗಿಯಲ್ಲಿ ಒಂದು ಸುಕ್ಕು ಇರುವುದಿಲ್ಲ.

ನಮ್ಮ ಲಾಂಡ್ರಿಯ ಗೋಡೆಗಳು ತಗಡಿನವು. ಒಳಗೆ ಮೊಬೈಲಿನ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಎಲ್ಲರೂ ಕಂಪನಿಯ ವೈಫೈಗೆ ಜೋತುಬಿದ್ದಿದ್ದೇವೆ. 'ನಿಮ್ಮ ಅನುಕೂಲಕ್ಕಾಗಿ' ಎಂದು ಬೋರ್ಡು ಬೇರೆ. ಆಸ್ಪತ್ರೆಗಳ ರಕ್ತ, ಹೋಟೆಲುಗಳ ಸಾರು, ಎಲ್ಲವನ್ನೂ ತೊಳೆದು ಮಡಚಿ ಕಳಿಸುವ ಕೈಗಳು ಏನನ್ನು ಓದುತ್ತವೆ ಎಂದು ಇವರು ಬಗ್ಗಿ ನೋಡುತ್ತಾರೆ. ಯಾರು ಯಾರನ್ನು ನೋಡಬಹುದು ಎಂಬುದೇ ಅಧಿಕಾರ ಎಂದು ನನ್ನ ಹತ್ತಿರ ಇರುವ ಕಾರ್ಮಿಕ ಸಂಘದ ಕರಪತ್ರದಲ್ಲಿದೆ. ಆ ಸಾಲಿನ ಕೆಳಗೆ ಮೂರು ಸಲ ಗೆರೆ ಎಳೆದಿದ್ದೇನೆ. ಇವತ್ತು ಮತ್ತೊಂದು ಎಳೆದೆ, ಕಾಗದ ಹರಿಯಿತು.

ಜೂನ್ ೫, ಗುರುವಾರ

ಕಂಪನಿಯ ಕಣ್ಣು ಕಟ್ಟುವುದಕ್ಕೆ ದಾರಿ ಇದೆ. ವಿಪಿಎನ್. ಫೋನಿನಿಂದ ನನ್ನ ಮನೆಯ ಕಂಪ್ಯೂಟರಿನವರೆಗೆ ಒಂದು ಸುರಂಗ. ವೈಫೈ ಅವರದ್ದೇ, ಆದರೆ ಸುರಂಗದೊಳಗೆ ಏನು ಹೋಗುತ್ತಿದೆ ಎಂಬುದು ಅವರಿಗೆ ಕಾಣುವುದಿಲ್ಲ. ನಮ್ಮ ಸಂದೇಶಗಳೆಲ್ಲ ನನ್ನ ಕಂಪ್ಯೂಟರಿಗೇ ಬಂದು ಅಲ್ಲಿಂದಲೇ ಎಲ್ಲರಿಗೂ ಹೋಗುತ್ತವೆ.

ಹಳೆಯ ಕಂಪ್ಯೂಟರನ್ನು ಮಂಚದ ಕೆಳಗೆ ಇಟ್ಟು ಚಾಲೂ ಮಾಡಿದೆ. ಅಕ್ಕ ಕೆಲಸದಿಂದ ಬಂದವಳು ಬಾಗಿಲಲ್ಲೇ ನಿಂತಳು.

"ಏನೇ ಅದು, ಮಂಚದ ಕೆಳಗೆ ಹೆಲಿಕಾಪ್ಟರ್ ಸಾಕಿದ್ದೀಯಾ?"

"ಸ್ವಾತಂತ್ರ್ಯ ಅಕ್ಕಾ ಅದು."

"ಸ್ವಲ್ಪ ಸಣ್ಣ ದನೀಲಿ ಬರಲಿ ಅಂತ ಹೇಳು ನಿನ್ನ ಸ್ವಾತಂತ್ರ್ಯಕ್ಕೆ. ತಲೆ ಸಿಡೀತಾ ಇದೆ."

ಅವಳದು ಸ್ಟೀಮ್ ಪ್ರೆಸ್. ಇಡೀ ದಿನ ಹಬೆಯ ಎದುರು ನಿಂತು ನಿಂತು ಮುಖ ಕೆಂಪಗಾಗಿರುತ್ತದೆ, ಮೊಣಕೈವರೆಗೆ ಸುಟ್ಟ ಕಲೆಗಳು. ಕಳೆದ ತಿಂಗಳು ಅವಳ ಪಕ್ಕದ ಪ್ರೆಸ್ಸಿನವಳು ಪ್ರಜ್ಞೆ ತಪ್ಪಿ ಬಿದ್ದಳು. ಅವಳನ್ನು ಎಳೆದು ಬದಿಗೆ ಮಲಗಿಸಿ, ಆ ಪ್ರೆಸ್ಸನ್ನೂ ನೀನೇ ನೋಡ್ಕೋ ಎಂದು ಅಕ್ಕನಿಗೆ ಹೇಳಿದರು. ಅಕ್ಕ ನೋಡಿಕೊಂಡಳು! ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅವಳೇ. ಹೇಳಿದ್ದನ್ನೆಲ್ಲ ಮಾಡುವುದು ಅವಳ ಮೂಳೆಗೆ ಇಳಿದಿದೆ. ಇಂಥವರ ತಾಳ್ಮೆಯ ಮೇಲೆಯೇ ಇಂಥ ಕಾರ್ಖಾನೆಗಳು ನಿಂತಿರುವುದು.

ಜೂನ್ ೮, ಭಾನುವಾರ

ಬಾಯ್ಲರ್ ಅಣ್ಣನ ಮನೆಯಲ್ಲಿ ಸಭೆ. ಅವನು ಬಾಯ್ಲರ್ ನೋಡಿಕೊಳ್ಳುವವನು, ನಮ್ಮೆಲ್ಲರಿಗಿಂತ ಹಿರಿಯ. ಹನ್ನೊಂದು ಜನ ಸೇರಿದ್ದೆವು. ಬೇಡಿಕೆ ಎರಡೇ: ಪ್ರೆಸ್ಸಿನ ಹಾಲಿಗೆ ಹಬೆ ಎಳೆಯುವ ಫ್ಯಾನು, ಗಂಟೆಗೊಮ್ಮೆ ಹತ್ತು ನಿಮಿಷ ವಿರಾಮ. ಜೂನ್ ಇಪ್ಪತ್ಮೂರು, ಸೋಮವಾರ, ಮಧ್ಯಾಹ್ನ ಎರಡಕ್ಕೆ ಶಿಫ್ಟು ಬದಲಾಗುವ ಹೊತ್ತಿನಲ್ಲಿ ಹನ್ನೊಂದೂ ಜನ ಒಟ್ಟಿಗೆ ಹೋಗಿ ಇಸ್ತ್ರಿಯ ಕೈಗೆ ಮನವಿ ಕೊಡುವುದು. ಅಲ್ಲಿಯವರೆಗೆ ಯಾರ ಹೆಸರೂ ಹೊರಗೆ ಬರಕೂಡದು. ಒಟ್ಟಿಗೆ ಹೋದರೆ ಅವನು ಹಾಲ್ ನಡೆಸುವುದು ಹೇಗೆ ಎಂದು ಯೋಚಿಸಬೇಕಾಗುತ್ತದೆ. ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರನ್ನೇ ಗೇಟಿನಿಂದ ಆಚೆ ಹಾಕುತ್ತಾನೆ.

ಮನವಿ ಯಾರ ಹತ್ತಿರ ಇರಬೇಕು ಎಂದಾಗ ಎಲ್ಲರೂ ಅಕ್ಕನನ್ನು ನೋಡಿದರು. ನನ್ನನ್ನಲ್ಲ. ಬರೆದಿದ್ದು ನಾನು.

"ಅಕ್ಕನ ಹತ್ರ ಇರ್ಲಿ ಬಿಡಿ. ಕಳೆಯೋದಿಲ್ಲ, ಮಡಚೋದೂ ಇಲ್ಲ" ಅಂದ ವ್ಯಾನ್ ಡ್ರೈವರ್. ಎಲ್ಲರೂ ನಕ್ಕರು.

ವಿಪಿಎನ್ ಎಲ್ಲರ ಫೋನಿಗೂ ಹಾಕಿಕೊಟ್ಟೆ. ಆದರೆ ಒಂದು ಯಡವಟ್ಟು ಆಯಿತು. ಪ್ರತಿ ಫೋನಿಗೂ ಒಂದು ಜೋಡಿ ಕೀಲಿ ಇರುತ್ತದೆ. ಗುಪ್ತ ಕೀಲಿ ಆ ಫೋನಿನೊಳಗೇ ಇರಬೇಕು, ಬಹಿರಂಗ ಕೀಲಿಯನ್ನು ನನ್ನ ಕಂಪ್ಯೂಟರಿನಲ್ಲಿ ಸೇರಿಸಬೇಕು. ಬಹಿರಂಗ ಕೀಲಿ ಎಂದರೆ ಉದ್ದಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ನಡುವೆ ಅಂಕೆಗಳು. ಹನ್ನೊಂದು ಸಾಲು ಇರುವೆ ಹರಿದ ಹಾಗೆ ಕಾಣುತ್ತದೆ. ಡ್ರೈವರ್ ಫೋನ್ ಬದಲಿಸಿದ ಎಂದು ಅವನ ಹಳೆಯ ಕೀಲಿ ಅಳಿಸಲು ಹೋಗಿ ಬಾಯ್ಲರ್ ಅಣ್ಣನದನ್ನು ಅಳಿಸಿಬಿಟ್ಟೆ. ಸಭೆ ಮುಗಿಯುವವರೆಗೂ ಅವನು ಫೋನನ್ನು ಅಲ್ಲಾಡಿಸುತ್ತಾ ಕೂತಿದ್ದ.

ಜೂನ್ ೧೧, ಬುಧವಾರ

ಪರಿಹಾರ ಸಿಕ್ಕಿತು. ಒಂದು ಆನ್‌ಲೈನ್ ವೇದಿಕೆಯಲ್ಲಿ ಯಾರೋ ಬರೆದಿದ್ದಾರೆ: ಕೀಲಿ ನಮಗೆ ಬೇಕಾದ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವಂತೆ ಮಾಡಿಕೊಳ್ಳಬಹುದು. ಉಪಾಯವೇನೂ ಇಲ್ಲ, ಬರೀ ಹಟ. ಯಂತ್ರ ಒಂದರ ಹಿಂದೊಂದು ಕೀಲಿ ಹುಟ್ಟಿಸುತ್ತಾ, ಬೇಕಾದ ಅಕ್ಷರ ಮೊದಲಿಗೆ ಬರದಿದ್ದರೆ ಬಿಸಾಡುತ್ತಾ ಹೋಗುತ್ತದೆ. ಲಕ್ಷಗಟ್ಟಲೆ ಬಿಸಾಡಿದ ಮೇಲೆ ಒಂದು ಸಿಗುತ್ತದೆ. ಮೂರು ಅಕ್ಷರಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು. ನಾಲ್ಕಕ್ಕೆ ಒಂದು ಲೋಟ ಚಹಾ ಕುಡಿಯುವಷ್ಟು. ಐದಕ್ಕೆ ಒಂದು ಇಡೀ ಶಿಫ್ಟು.

ಊಟದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕೇಳಿದೆ, ನಿಮ್ಮ ಕೀಲಿ ಯಾವ ಹೆಸರಿನಿಂದ ಶುರುವಾಗಲಿ ಎಂದು. ಬಾಯ್ಲರ್ ಅಣ್ಣ 'ಬೆಂಕಿ' ಬೇಕೆಂದ. ಡ್ರೈವರ್ 'ರಾಜ' ಎಂದ. ಗುಂಗುರಿ ಎಂಟಕ್ಷರದ ಸಿನಿಮಾ ನಟನ ಹೆಸರು ಹೇಳಿದಳು. ಅದು ಸಿಗುವಷ್ಟರಲ್ಲಿ ನಟನೂ ನೀನೂ ಇಬ್ಬರೂ ಮಣ್ಣಾಗಿರುತ್ತೀರಿ ಎಂದೆ.

ಅಕ್ಕನಿಗೆ ನಗು. "ಅಕ್ಕ ಅಂತಲೇ ಇರ್ಲಿ ಬಿಡು. ಎಲ್ರೂ ಹಾಗೇ ತಾನೇ ಕರೆಯೋದು."

ಅವರವರ ಫೋನಿನಲ್ಲಿ ಇದನ್ನು ಹುಡುಕಲು ಹೋದರೆ ಫೋನು ಕಾದು ಸಾಯುತ್ತದೆ. ಹಾಗಾಗಿ ಎಲ್ಲರ ಜೋಡಿ ಕೀಲಿಯನ್ನೂ ನನ್ನ ಕಂಪ್ಯೂಟರಿನಲ್ಲೇ ಮಾಡಿ ಹಂಚಿದೆ. ಡ್ರೈವರ್ ಮೂಗು ಮುರಿದ.

"ತಾಳು ಪುಟ್ಟ ಲೀಡರ್. ಗುಪ್ತ ಕೀ ಅಂದ್ರೆ ನನ್ನ ಹತ್ರ ಮಾತ್ರ ಇರ್ಬೇಕು ಅಂತ ಭಾನುವಾರ ನೀನೇ ಭಾಷಣ ಮಾಡಿದೆ. ಈಗ ನನ್ನ ಗುಪ್ತ ನಿನ್ನ ಮಂಚದ ಕೆಳಗೆ ಹುಟ್ತಾ ಇದೆಯಲ್ಲ?"

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲೆ ಇದೆ. ನಿನ್ನ ಮಂಚದ ವಿಷಯ ಗೊತ್ತಿಲ್ಲ."

ಎಲ್ಲರೂ ಹೋ ಎಂದು ನಕ್ಕರು. ಇವನಂಥವರಿಗೆ ಚಳವಳಿಯೂ ವ್ಯಾನಿನಲ್ಲಿ ಹಾಕುವ ಹಾಡಿದ್ದ ಹಾಗೆ. ನಂಬಿಕೆಯಿಲ್ಲದವರು ಸಂಘಟನೆಗೆ ಯಾಕೆ ಬರುತ್ತಾರೆ?

ಜೂನ್ ೧೪, ಶನಿವಾರ

ಎಷ್ಟು ಚೆನ್ನಾಗಿದೆ. ಇರುವೆಗಳೆಲ್ಲ ಮನುಷ್ಯರಾಗಿವೆ. ಪರದೆ ತೆರೆದರೆ ಸಾಕು, ಬೆಂಕಿ, ರಾಜ, ಅಕ್ಕ, ಎಲ್ಲರೂ ಸಾಲಾಗಿ ನಿಂತಿರುತ್ತಾರೆ. ಪ್ರತಿ ಹೆಸರಿನ ಮುಂದೆ ಎರಡು ವಿಷಯ ಕಾಣುತ್ತದೆ: ಆ ಫೋನು ಕೊನೆಯ ಸಲ ಯಾವಾಗ ಸುರಂಗಕ್ಕೆ ಬಂತು, ಯಾವ ಇಂಟರ್ನೆಟ್ ವಿಳಾಸದಿಂದ ಬಂತು. ಮೊದಲೂ ಅದು ಅಲ್ಲೇ ಇತ್ತು, ಯಾರದ್ದೆಂದು ತಿಳಿಯದೆ ನಾನು ಓದಿರಲಿಲ್ಲ, ಅಷ್ಟೆ.

ಬೆಂಕಿ ಐದೂವರೆಗೆ ಏಳುತ್ತಾನೆ. ರಾಜ ಹಗಲು ಎಲ್ಲೆಲ್ಲಿಂದಲೋ ಬರುತ್ತಾನೆ, ವ್ಯಾನಿನವನಲ್ಲವೇ. ಗುಂಗುರಿ ರಜೆಯ ದಿನ ಮಧ್ಯಾಹ್ನದವರೆಗೆ ಮಲಗುತ್ತಾಳೆ. ಸಂಗಾತಿಗಳ ಯೋಗಕ್ಷೇಮ ನೋಡಿಕೊಳ್ಳುವುದು ಸಂಘಟಕಿಯ ಕರ್ತವ್ಯ.

ಇವತ್ತು ಗುಂಗುರಿಗೆ "ಬೆಳಿಗ್ಗೆ ಬೇಗ ಏಳು, ಸೋಮಾರಿತನ ಶತ್ರುವಿನ ಮಿತ್ರ" ಎಂದು ಹೇಳಿದೆ.

"ನಾನು ಎಷ್ಟು ಹೊತ್ತಿಗೆ ಏಳ್ತೀನಿ ಅಂತ ನಿಂಗೆ ಹೇಗೆ ಗೊತ್ತು?" ಅಂದಳು. ತಮಾಷೆ ಮಾಡಿದೆ ಎಂದುಕೊಂಡಿದ್ದೆ, ಅವಳು ನಗಲಿಲ್ಲ.

ಜೂನ್ ೧೭, ಮಂಗಳವಾರ

ದ್ರೋಹ!

ಪ್ರೆಸ್ಸಿನವರನ್ನೆಲ್ಲ ನಾಳೆಯಿಂದ ಬೆಳಗಿನ ಶಿಫ್ಟಿಗೆ ಹಾಕಿದ್ದಾರೆ. ಮಡಚುವವರಾದ ನಾವು ಮಧ್ಯಾಹ್ನದ ಶಿಫ್ಟಿನಲ್ಲೇ. ಇಷ್ಟು ದಿನ ಇಲ್ಲದ್ದು ಈಗ ಯಾಕೆ? ಸೋಮವಾರ ಹತ್ತಿರ ಬರುತ್ತಿರುವಾಗ ಯಾಕೆ? ನಮ್ಮನ್ನು ಎರಡು ಹೋಳು ಮಾಡುವುದಕ್ಕೆ. ಅಂದರೆ ಇಸ್ತ್ರಿಗೆ ಗೊತ್ತಾಗಿದೆ. ಅಂದರೆ ಹನ್ನೊಂದರಲ್ಲಿ ಒಬ್ಬರು ಅವನ ಕಿವಿ.

ಅಕ್ಕ ಮಾತ್ರ ತಣ್ಣಗಿದ್ದಾಳೆ. "ಬೆಳಗಿನ ಹೊತ್ತು ಸೆಕೆ ಸ್ವಲ್ಪ ಕಡಿಮೆ, ಒಳ್ಳೇದೇ ಆಯ್ತು" ಎಂದಳು.

ಒಳ್ಳೆಯದಾಯಿತಂತೆ.

ಜೂನ್ ೧೮, ಬುಧವಾರ

ರಜೆ ಹಾಕಿ ಇಡೀ ದಿನ ಪರದೆಯ ಮುಂದೆ ಕೂತೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಲಾಂಡ್ರಿಯ ಹಾಲಿಗೆ ಒಂದು ಲೈನು, ಆಫೀಸಿಗೆ ಬೇರೆಯೇ ಲೈನು. ಎರಡರ ವಿಳಾಸವೂ ನನಗೆ ಗೊತ್ತು. ಕಳೆದ ವಾರ ಹೊಸ ಗುರುತಿನ ಚೀಟಿಗೆ ಫೋಟೋ ತೆಗೆಸಲು ಆಫೀಸಿಗೆ ಹೋಗಿದ್ದಾಗ ಅಲ್ಲಿಯ ವೈಫೈ ಪಾಸ್‌ವರ್ಡು ಗುಮಾಸ್ತೆಯ ಮೇಜಿನ ಹಿಂದೆ ಗೋಡೆಗೇ ಅಂಟಿಸಿತ್ತು, ನಾನೂ ಹಾಕಿಕೊಂಡು ನೋಡಿದ್ದೆ, ಆಗ ಪರದೆಯಲ್ಲಿ ನನ್ನ ಹೆಸರಿನ ಮುಂದೆ ಆ ಲೈನಿನ ವಿಳಾಸ ಬಂದಿತ್ತು.

ಊಟದ ಹೊತ್ತಿಗೆ ಒಂದು ಹೆಸರಿನ ಮುಂದೆ ಆಫೀಸಿನ ವಿಳಾಸ ಬಂತು. ಅರ್ಧ ಗಂಟೆ ಅಲ್ಲೇ ಇತ್ತು.

ಅಕ್ಕ.

ಜೂನ್ ೧೯, ಗುರುವಾರ

ಇವತ್ತೂ.

ಜೂನ್ ೨೦, ಶುಕ್ರವಾರ

ಇವತ್ತೂ. ಅದೇ ಹೊತ್ತು, ಅದೇ ವಿಳಾಸ.

ಕೆಲಸಕ್ಕೆ ಹೋಗುವ ಮೊದಲು ಬಾಯ್ಲರ್ ಅಣ್ಣನಿಗೆ ಒಬ್ಬನಿಗೇ ಹೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ನನ್ನನ್ನೇ ನೋಡಿದ.

"ನಿಮ್ಮಕ್ಕನಾ?"

"ರಕ್ತಸಂಬಂಧ ನೋಡಿ ಸುಮ್ಮನಾಗೋಳಲ್ಲ ನಾನು."

"ಅದಲ್ಲ ನಾನು ಕೇಳಿದ್ದು. ಆಫೀಸಲ್ಲಿ ಏನ್ ಮಾಡ್ತಿದ್ದೆ ಅಂತ ಅವಳನ್ನ ಕೇಳಿದ್ಯಾ? ಒಂದೇ ಮನೇಲಿ ಇದ್ದೀರಲ್ಲ."

"ಕೇಳ್ತೀನಿ."

"ಕೇಳ್ದೆ ಏನೂ ಮಾಡ್ಬೇಡ, ಲೀಡರಮ್ಮ."

ಅವನ ಅಭಿಮಾನ ನನಗೆ ಅರ್ಥವಾಗುತ್ತದೆ. ಆದರೆ ಗೂಢಚಾರರನ್ನು ಕೇಳಿ ಯಾರಾದರೂ ಹಿಡಿಯುತ್ತಾರೆಯೇ? ಕೇಳಿದ ಕ್ಷಣವೇ ಎಚ್ಚರಾಗುತ್ತಾರೆ. ಕೇಳುತ್ತೇನೆ ಎಂದಿದ್ದು ಸುಳ್ಳಲ್ಲ, ತಂತ್ರ.

ಅಕ್ಕನ ಕೀಲಿಯನ್ನು ತೆಗೆದುಹಾಕಿದೆ. ಒಂದು ಸಾಲು ಅಳಿಸಿದರೆ ಮುಗಿಯಿತು. ಹೆಸರು ಮುಂದೆಯೇ ಇದ್ದುದರಿಂದ ಈ ಸಲ ಬೇರೆಯವರದ್ದು ಅಳಿಸಿಹೋಗುವ ಭಯವೇ ಇರಲಿಲ್ಲ. ಅವಳ ಫೋನಿನಲ್ಲಿ ಹಸಿರು ಗುರುತು ಹಾಗೆಯೇ ಉರಿಯುತ್ತಿರುತ್ತದೆ, ಸಂದೇಶ ಮಾತ್ರ ಬರುವುದಿಲ್ಲ. ಯಾರೂ ಏನೂ ಕಳಿಸಿಲ್ಲ ಎಂದುಕೊಳ್ಳುತ್ತಾಳೆ.

ಆಮೇಲೆ ಎಲ್ಲರಿಗೂ ಕಳಿಸಿದೆ: "ಮನವಿ ಸೋಮವಾರ ಅಲ್ಲ, ಗುರುವಾರ. ಫೋನಲ್ಲಿ ಮಾತಾಡಬೇಡಿ, ಹಾಲಿನಲ್ಲೂ ಮಾತಾಡಬೇಡಿ." ಒಬ್ಬೊಬ್ಬರಾಗಿ ಸರಿ ಎಂದರು. ಮನವಿಯ ಇನ್ನೊಂದು ಪ್ರತಿ ನನ್ನ ಹತ್ತಿರವೇ ಇದೆ. ಗುಂಗುರಿ ಕೇಳಿದಳು, "ಅಕ್ಕಂಗೂ ಹೋಯ್ತಲ್ವಾ?" ಎಂದು. ಎಲ್ಲರಿಗೂ ಹೋಗಿದೆ ಎಂದೆ. ಈಗ ಸಂಘಟನೆಯಲ್ಲಿ ಯಾರು ಇದ್ದಾರೋ ಅವರೇ ಎಲ್ಲರೂ.

ಜೂನ್ ೨೨, ಭಾನುವಾರ

ಅಕ್ಕ ನಾಳೆಗೆಂದು ನೀಲಿ ಅಂಗಿಗೆ ತಾನೇ ಇಸ್ತ್ರಿ ಹಾಕಿದಳು. ಇಡೀ ವಾರ ಅದೇ ಕೆಲಸ ಮಾಡಿದವಳು ರಜೆಯ ದಿನವೂ ಅದನ್ನೇ. ಕಾಲರನ್ನು ಎರಡು ಸಲ ತಿರುಗಿಸಿ ನೋಡಿದಳು.

"ಇಸ್ತ್ರಿ ಎದುರು ಹೋಗೋದಲ್ವಾ, ಸುಕ್ಕು ಇದ್ರೆ ಅವನಿಗೇ ಖುಷಿ" ಎಂದಳು.

ನಾನು ಕರಪತ್ರ ತಿರುವಿಹಾಕುತ್ತಾ ಕೂತಿದ್ದೆ.

"ಏನೇ, ಭಯ ಆಗ್ತಿದ್ಯಾ? ನಂಗಂತೂ ಕೈಕಾಲು ತಣ್ಣಗಾಗಿದೆ. ಎಲ್ರೂ ಇರ್ತಾರೆ ಅಂತ ಧೈರ್ಯ, ಅಷ್ಟೆ."

ಎಷ್ಟು ಚೆನ್ನಾಗಿ ನಟಿಸುತ್ತಾಳೆ. ಇದು ಪರೀಕ್ಷೆ. ಇಸ್ತ್ರಿಯ ಕಿವಿಯಾಗಿದ್ದರೆ ನಾಳೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾಳೆ. ತಪ್ಪಿಸಿಕೊಂಡರೆ ಸಾಬೀತಾಯಿತು.

ತಪ್ಪಿಸಿಕೊಳ್ಳದಿದ್ದರೆ ಏನು ಎಂಬುದನ್ನು ಆಗ ನೋಡೋಣ.

ಜೂನ್ ೨೩, ಸೋಮವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ, ಭಾವನೆ ಬೆರೆಸದೆ.

ಎರಡು ಗಂಟೆಗೆ ಹತ್ತು ನಿಮಿಷ ಮುಂಚೆ ಹಾಜರಿ ಯಂತ್ರದ ಮುಂದೆ ಸಾಲಿನಲ್ಲಿದ್ದೆ. ಆಫೀಸಿನ ಕಾರಿಡಾರು ಅಲ್ಲಿಂದ ಪೂರ್ತಿ ಕಾಣುತ್ತದೆ. ಬೆಳಗಿನ ಶಿಫ್ಟು ಮುಗಿಸಿದ ಅಕ್ಕ ಬಂದಳು. ಕೆಲಸದ ಅಂಗಿ ಬದಲಿಸಿ ನೀಲಿಯದನ್ನು ಹಾಕಿದ್ದಳು, ಮುಖ ತೊಳೆದು ಕೂದಲು ಬಾಚಿದ್ದಳು. ಇಸ್ತ್ರಿಯ ಬಾಗಿಲಿನ ಪಕ್ಕ ಮನವಿ ಹಿಡಿದು ನಿಂತಳು. ಗಡಿಯಾರ ನೋಡಿದಳು. ಆಮೇಲೆ ಸಾಲಿನಲ್ಲಿ ಇದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಬಂದಳು.

ಅವಳ ಕಣ್ಣಿಗೆ ನಾನು ಬಿದ್ದೆ. ಕೈ ಎತ್ತಿದಳು, ಬಾ ಎನ್ನುವ ಹಾಗೆ.

ನಾನು ನನ್ನ ಗುರುತಿನ ಚೀಟಿ ನೋಡುತ್ತಿದ್ದೆ.

ನನ್ನ ಹಿಂದಿದ್ದ ಗುಂಗುರಿ ಪಿಸುಗುಟ್ಟಿದಳು, "ಅಯ್ಯೋ, ಅಕ್ಕಂಗೆ ದಿನ ಬದಲಾಗಿದ್ದು ಗೊತ್ತಿಲ್ವೇನೇ? ತಾಳು, ಹೇಳಿ ಬರ್ತೀನಿ." ಸಾಲು ಬಿಟ್ಟು ಹೊರಟವಳ ಮಣಿಕಟ್ಟು ಹಿಡಿದೆ.

"ಹೋದ್ರೆ ನೀನೂ ಸಿಕ್ಕಿಬೀಳ್ತೀಯ. ಸುಮ್ನೆ ನಿಲ್ಲು."

"ಕೈ ಬಿಡೇ, ನೋಯ್ತಿದೆ!"

ಬಿಡಲಿಲ್ಲ. ಅಷ್ಟರಲ್ಲಿ ಇಸ್ತ್ರಿಯೇ ಬಾಗಿಲು ತೆಗೆದ. ಅಕ್ಕನನ್ನು ನೋಡಿ, ಅವಳ ಹಿಂದೆ ಖಾಲಿ ಇದ್ದ ಕಾರಿಡಾರನ್ನು ನೋಡಿ, "ಏನಮ್ಮ?" ಎಂದ. ಅಕ್ಕ ಇನ್ನೊಮ್ಮೆ ನಮ್ಮ ಕಡೆ ತಿರುಗಿದಳು. ಆಮೇಲೆ ಒಬ್ಬಳೇ ಒಳಗೆ ಹೋದಳು.

ಹೋಗಬಾರದಿತ್ತು! ಯಾರೂ ಬರಲಿಲ್ಲ ಎಂದ ಮೇಲೆ ವಾಪಸ್ ಬರಬಹುದಿತ್ತು. ಅವಳಿಗೆ ಯಾರು ಹೇಳಿದ್ದರು ಹೋಗು ಎಂದು?

ಶಿಫ್ಟು ಮುಗಿಸಿ ಮನೆಗೆ ಬಂದಾಗ ನೀಲಿ ಅಂಗಿಯಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಕೆಲಸದಿಂದ ತೆಗೆದಿದ್ದಾರೆ. ಬೇರೆ ಯಾರು ಯಾರು ಇದ್ದಾರೆ ಹೇಳು, ನಿನ್ನನ್ನು ಇಟ್ಟುಕೊಳ್ಳುತ್ತೇನೆ ಎಂದು ಇಸ್ತ್ರಿ ಒಂದು ಗಂಟೆ ಕೂರಿಸಿ ಕೇಳಿದನಂತೆ.

"ಏನು ಹೇಳಿದೆ?" ಎಂದೆ.

"ಫ್ಯಾನ್ ಹಾಕ್ಸಿ ಅಂದೆ."

"ಹೆಸರು?"

"ನಂದು ಹೇಳಿದೆ. ಅದು ಅವನಿಗೆ ಮೊದ್ಲೇ ಗೊತ್ತಿತ್ತು." ಆಮೇಲೆ ಕೇಳಿದಳು, "ಯಾಕೇ ಯಾರೂ ಬರ್ಲಿಲ್ಲ? ನೀನೂ ಬರ್ಲಿಲ್ಲ."

"ದಿನ ಬದಲಾಗಿತ್ತು."

"ನಂಗೆ ಬಂದಿಲ್ಲ." ಫೋನ್ ತೆಗೆದು ತೋರಿಸಿದಳು. ಹಸಿರು ಗುರುತು ಉರಿಯುತ್ತಿತ್ತು. "ನೋಡು, ಸರಿಯಾಗೇ ಇದೆ. ಏನೂ ಬಂದಿಲ್ಲ."

ಆಗ ಕೇಳಿದೆ, ದಿನಾ ಮಧ್ಯಾಹ್ನ ಆಫೀಸಿನಲ್ಲಿ ನಿನಗೇನು ಕೆಲಸ ಎಂದು. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಚಾರ್ಜಿಗೆ. ಹಾಲಲ್ಲಿ ಪ್ಲಗ್ ಮುಟ್ಟೋ ಹಾಗಿಲ್ವಲ್ಲ. ನೀನು ಆ ವಿಪಿಎನ್ ಹಾಕಿದಾಗಿಂದ ಬ್ಯಾಟರಿ ಮಧ್ಯಾಹ್ನದವರೆಗೂ ಬರಲ್ಲ. ಆ ಗುಮಾಸ್ತೆ ಪಾಪ, ತನ್ನ ಮೇಜಿನ ಹತ್ರ ಹಾಕ್ಕೋ ಅಂದ್ಲು. ವೈಫೈನೂ ಅವಳೇ ಹಾಕ್ಕೊಟ್ಲು." ಆಮೇಲೆ ತಲೆ ಎತ್ತಿದಳು. "ನಾನು ಆಫೀಸಿಗೆ ಹೋಗೋದು ನಿಂಗೆ ಯಾರು ಹೇಳಿದ್ರು?"

ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಫೋನು ನೋಡಿದಳು. ಆಮೇಲೆ ಬಾಗಿಲಿನಾಚೆ ನನ್ನ ಮಂಚದ ಕಡೆ ನೋಡಿದಳು.

ಬೈದಿದ್ದರೆ ವಾದ ಮಾಡುತ್ತಿದ್ದೆ. ಎದ್ದು ಹೋಗಿ ಅಂಗಿ ಬದಲಿಸಿದಳು.

ಚಾರ್ಜಿಗೆ ಹೋಗಿದ್ದೆ ಎಂದು ಅವಳು ಹೇಳುತ್ತಾಳೆ. ಸಾಕ್ಷಿ ಇಲ್ಲ. ಇಲ್ಲದಿದ್ದರೂ, ಆಫೀಸಿನಲ್ಲಿ ಫೋನ್ ಬಿಟ್ಟು ಬರುವುದು ಎಂಥ ಬೇಜವಾಬ್ದಾರಿ.

ಜೂನ್ ೨೪, ಮಂಗಳವಾರ

ಬಾಯ್ಲರ್ ಅಣ್ಣ ಮನೆಗೇ ಬಂದ. ಚಪ್ಪಲಿ ಬಿಡದೆ ಹೊಸ್ತಿಲ ಆಚೆಯೇ ನಿಂತ.

"ಹೊಸ ಪ್ರೆಸ್ ಮಷೀನು ಬಂದಿದೆ. ಕೂರಿಸೋರು ಮಧ್ಯಾಹ್ನ ಬರ್ತಾರೆ, ಹಾಲ್ ಖಾಲಿ ಬೇಕು. ಶಿಫ್ಟ್ ಬದಲಾಗಿದ್ದು ಅದಕ್ಕೆ. ಗೇಟಿನ ಹತ್ರ ಲಾರಿ ನಿಂತಿದೆ, ಹೋಗಿ ನೋಡು."

"ಇರಬಹುದು. ಆದರೆ ಆಗ ನಮ್ಮ ಹತ್ತಿರ ಇದ್ದ ಮಾಹಿತಿ ಪ್ರಕಾರ—"

"ಅವಳನ್ನ ಕೇಳಿದ್ಯಾ?"

"ಕೇಳೋಳಿದ್ದೆ."

ಅವನು ಫೋನು ತೆಗೆದು ನನ್ನ ಮುಂದೆ ಹಿಡಿದ. "ಇದನ್ನ ತೆಗೆಯೋದು ಹೇಗೆ ತೋರಿಸು."

"ಅಣ್ಣಾ, ಕೋಪದಲ್ಲಿ ತೀರ್ಮಾನ ತಗೋಬಾರದು. ಸುರಂಗ ಇಲ್ದೆ ಇದ್ರೆ ಇಸ್ತ್ರಿ ಎಲ್ಲಾ ನೋಡ್ತಾನೆ."

"ನೋಡ್ಲಿ. ಅವನು ನೋಡ್ತಾನೆ ಅಂತ ನಂಗೆ ಗೊತ್ತಿರುತ್ತೆ."

ನಾನು ತೋರಿಸಲಿಲ್ಲ. ಅವನು ದಪ್ಪ ಬೆರಳಿನಲ್ಲಿ ಒತ್ತಿ ಒತ್ತಿ ಕೊನೆಗೆ ಇಡೀ ಆ್ಯಪನ್ನೇ ಕಿತ್ತುಹಾಕಿದ. ಒಳಗಿದ್ದ ಅಕ್ಕನಿಗೆ "ಬರ್ತೀನಮ್ಮ" ಎಂದ. ನನಗೆ ಹೇಳಲಿಲ್ಲ.

ಶತ್ರುವಿನ ಒತ್ತಡ ಹೆಚ್ಚಿದಾಗ ಅರೆಮನಸ್ಸಿನವರು ಉದುರುತ್ತಾರೆ. ಕರಪತ್ರದಲ್ಲಿ ಇದಕ್ಕೇ ಒಂದು ಪ್ಯಾರಾ ಇದೆ.

ಜೂನ್ ೨೬, ಗುರುವಾರ

ಎರಡು ಗಂಟೆ. ಯಾರೂ ಬರಲಿಲ್ಲ.

ಮನವಿಯ ಪ್ರತಿ ನನ್ನ ಚೀಲದಲ್ಲಿತ್ತು. ಇಸ್ತ್ರಿಯ ಬಾಗಿಲವರೆಗೆ ಹೋಗಿದ್ದೆ. ಆದರೆ ಬೆಂಬಲವಿಲ್ಲದೆ ಒಬ್ಬರೇ ಮುನ್ನುಗ್ಗುವುದು ದುಸ್ಸಾಹಸ. ವಾಪಸ್ ಬಂದು ಹಾಜರಿ ಹಾಕಿದೆ.

ಜೂನ್ ೨೭, ಶುಕ್ರವಾರ

ಬೆಂಕಿ: ಮಂಗಳವಾರದಿಂದ ಇಲ್ಲ. ರಾಜ: ಬುಧವಾರದಿಂದ ಇಲ್ಲ. ಗುಂಗುರಿಯದು ಇವತ್ತು ಬೆಳಿಗ್ಗೆ ಹೋಯಿತು. ಊಟದ ಹೊತ್ತಿನಲ್ಲಿ ಅವಳು ಬೇರೆ ಮೇಜಿನಲ್ಲಿ ಕೂತಿದ್ದಳು, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಾಳೆ. ನಾಟಕ. ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.

ಉಳಿದವರೂ ಒಬ್ಬೊಬ್ಬರೇ ನಿಂತುಹೋದರು. ಹೆಸರುಗಳು ಇನ್ನೂ ಪರದೆಯ ಮೇಲಿವೆ, ಎದುರಿಗೆ ಕೊನೆಯ ಸಲ ಬಂದ ಹೊತ್ತು ಮಾತ್ರ ಹಳೆಯದಾಗುತ್ತಾ ಹೋಗುತ್ತಿದೆ. ಈಗ ಬರುತ್ತಿರುವುದು ಒಂದೇ ಕೀಲಿ, ನನ್ನದು. ಅದನ್ನಾದರೂ ಬಲಪಡಿಸೋಣವೆಂದು ಆರು ಅಕ್ಷರದ್ದು ಹುಡುಕಲು ಹಚ್ಚಿದ್ದೇನೆ. ವಾರಗಟ್ಟಲೆ ಹಿಡಿಯಬಹುದು. ಕಂಪ್ಯೂಟರಿನ ಸದ್ದು ಮನೆಯನ್ನೆಲ್ಲ ತುಂಬಿದೆ. ಅಕ್ಕ ಅದರ ಬಗ್ಗೆ ಈಗ ಏನೂ ಅನ್ನುವುದಿಲ್ಲ. ಯಾವುದರ ಬಗ್ಗೆಯೂ ಅನ್ನುವುದಿಲ್ಲ. ತಟ್ಟೆ ಹಾಕಿ ಮುಚ್ಚಿಟ್ಟಿರುತ್ತಾಳೆ.

ಜೂನ್ ೨೯, ಭಾನುವಾರ

ನಾಲ್ಕು ಗಂಟೆಗೆ ಜನ ಬರತೊಡಗಿದರು. ನನಗೆ ಯಾರೂ ಹೇಳಿರಲಿಲ್ಲ. ನನ್ನ ಕೋಣೆಯ ಬಾಗಿಲು ಮುಚ್ಚಿಕೊಂಡೆ. ಈ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಮಂಚದ ಮೇಲೆ ಕೂತು ಕಿವಿ ಆನಿಸಿದರೆ ಎಲ್ಲ ಕೇಳುತ್ತದೆ. ಕಂಪ್ಯೂಟರನ್ನು ಆರಿಸಿದೆ, ಅದರ ಸದ್ದಿನಲ್ಲಿ ಮಾತು ಸರಿಯಾಗಿ ಸಿಗುತ್ತಿರಲಿಲ್ಲ. ದಾಖಲೆ ಇರಲೆಂದು ಬರೆದುಕೊಳ್ಳುತ್ತಿದ್ದೇನೆ.

ಬಂದವರ ಫೋನುಗಳನ್ನೆಲ್ಲ ಹೊರಗೆ ಮೆಟ್ಟಿಲ ಮೇಲೆ ಒಂದು ಬುಟ್ಟಿಯಲ್ಲಿ ಹಾಕಿಸಿಕೊಂಡಿದ್ದಾರೆ. ಡ್ರೈವರ್ ಬುಟ್ಟಿ ಹಿಡಿದು "ಹಾಕಿ ಹಾಕಿ, ಗುಪ್ತ ಎಲ್ಲಾ ಇಲ್ಲಿ ಹಾಕಿ" ಎನ್ನುತ್ತಿದ್ದ.

ಅದರಿಂದ ನನಗೇನೂ ಕಷ್ಟವಾಗಲಿಲ್ಲ. ದನಿಯಿಂದಲೇ ಗುರುತು ಸಿಗುತ್ತದೆ. ಬಾಯ್ಲರ್ ಅಣ್ಣ, ಕೆಮ್ಮಿನಿಂದ. ಗುಂಗುರಿ. ಡ್ರೈವರ್, ಎಲ್ಲರಿಗಿಂತ ಗಟ್ಟಿ. ಪ್ರಜ್ಞೆ ತಪ್ಪಿ ಬಿದ್ದಿದ್ದ ಪ್ರೆಸ್ಸಿನವಳು, ಇವಳು ಮೊದಲು ನಮ್ಮ ಜೊತೆ ಇರಲಿಲ್ಲ, ಯಾವಾಗ ಸೇರಿದಳು ವಿಚಾರಿಸಬೇಕು. ಆಫೀಸಿನ ಗುಮಾಸ್ತೆ! ಆಫೀಸಿನವಳನ್ನು ಸಭೆಗೆ ಬಿಟ್ಟುಕೊಂಡಿದ್ದಾರೆ, ಇವರಿಗೆ ಬುದ್ಧಿ ಎಲ್ಲಿದೆ? ಎಷ್ಟು ಹೊತ್ತಿಗೆ ಬಂದಳು ಎಂಬುದನ್ನೂ ಬರೆದಿಟ್ಟಿದ್ದೇನೆ. ಹನ್ನೊಂದಕ್ಕಿಂತ ಎಷ್ಟೋ ಹೆಚ್ಚು ಜನ. ನೆಲದಲ್ಲಿ ಜಾಗ ಸಾಲದೆ ಒಬ್ಬರ ಮೇಲೊಬ್ಬರು ಬೀಳುತ್ತಾ ನಗುತ್ತಿದ್ದರು.

ಒಂದು ದನಿ ಮಾತ್ರ ಗುರುತಾಗಲಿಲ್ಲ.

ಹೆಂಗಸಿನ ದನಿ, ತಗ್ಗಿನದು, ಅವಸರವಿಲ್ಲದ್ದು. ಅವಳು ಬಾಯಿ ತೆರೆದರೆ ಡ್ರೈವರ್ ಕೂಡ ಸುಮ್ಮನಾಗುತ್ತಿದ್ದ. ಹೊರಗಿನ ಯಾವುದೋ ದೊಡ್ಡ ಸಂಘದಿಂದ ಕರೆಸಿರಬೇಕು, ಅನುಭವ ಇರುವವಳು.

"ನಾಳೆ ಎರಡು ಗಂಟೆಗೆ" ಎಂದಳು. "ಎರಡೂ ಶಿಫ್ಟಿನವರು. ಹಾಜರಿ ಸಾಲಲ್ಲಿ ಯಾರೂ ನಿಲ್ಲೋದು ಬೇಡ, ಎಲ್ರೂ ನೇರ ಕಾರಿಡಾರಿಗೆ ಬನ್ನಿ. ಹೆದರಿಕೆ ಆದ್ರೆ ಆಗ್ಲಿ, ಪಕ್ಕದವರ ಕೈ ಹಿಡ್ಕೊಳ್ಳಿ. ನಾನು ಆ ಬಾಗಿಲ ಮುಂದೆ ನಿಂತು ನೋಡಿದೀನಿ, ಏನೂ ಆಗಲ್ಲ. ಪಕ್ಕದಲ್ಲಿ ಯಾರೂ ಇಲ್ದಿದ್ರೆ ಮಾತ್ರ ಆಗುತ್ತೆ."

ಇಂಥವರು ಮೊದಲೇ ಸಿಕ್ಕಿದ್ದರೆ ನಮ್ಮ ಚಳವಳಿ ಎಲ್ಲಿಗೋ ಹೋಗುತ್ತಿತ್ತು. ಪೆನ್ಸಿಲ್ ತುದಿ ಕಚ್ಚಿಕೊಂಡು ಕೇಳಿದೆ. ಹೆಸರು ತಿಳಿಯಲಿ ಎಂದು ಕಾದೆ, ಯಾರೂ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ.

ಆಮೇಲೆ ಲೋಟಗಳ ಸದ್ದು. ಗುಂಗುರಿ ಕೇಳಿದಳು, "ಒಳಗಿರೋಳಿಗೂ ಚಹಾ ಕೊಡ್ಲಾ, ಬೇಡ್ವಾ?"

ಗೋಡೆಯಾಚೆ ಅಷ್ಟು ಜನ ಇದ್ದೂ ಯಾರೂ ಇಲ್ಲದ ಹಾಗಿತ್ತು.

"ಕೊಡು" ಎಂದಿತು ಅದೇ ದನಿ. "ಸಕ್ಕರೆ ಜಾಸ್ತಿ ಹಾಕು. ಇಲ್ದಿದ್ರೆ ಕುಡಿಯಲ್ಲ ಅವಳು, ಚಿಕ್ಕಂದಿನಿಂದಲೂ ಹಾಗೇ."